ಒಂದೇ ದನಿ, ಬೇರೆ ಬೇರೆ ಲೋಕ: ಮಕ್ಕಳ ಕಾರ್ಟೂನ್ ಸರಣಿಗಳ ಒಳನಂಟು

ಕೀಚಲು ನಗೆಯ ಸ್ಪಾಂಜ್‌ಬಾಬ್, 'ಅಡ್ವೆಂಚರ್ ಟೈಮ್'ನಲ್ಲಿ ಸದಾ ಗೋಳಾಡುವ ಐಸ್ ಕಿಂಗ್, 'ಪವರ್‌ಪಫ್ ಗರ್ಲ್ಸ್'ನ ಪೆದ್ದ ಮೇಯರ್, 'ರಾಕೋಸ್ ಮಾಡರ್ನ್ ಲೈಫ್'ನ ಡೊಳ್ಳುಹೊಟ್ಟೆಯ ಹೋರಿ ಹೆಫರ್. ಈ ನಾಲ್ವರಿಗೂ ದನಿ ಕೊಟ್ಟವರು ಟಾಮ್ ಕೆನಿ ಒಬ್ಬರೇ. ಇದು ಗೊತ್ತಾದ ಕೂಡಲೇ ಕೆಲವರು ಇನ್ನೊಂದು ಹೆಜ್ಜೆ ಮುಂದಿಟ್ಟು, ಈ ಕಥೆಗಳೆಲ್ಲ ಒಂದೇ ಲೋಕದಲ್ಲಿ ನಡೆಯುತ್ತಿರಬೇಕು ಎಂದು ವಾದ ಹೂಡುತ್ತಾರೆ. ಎಡವುವುದು ಅಲ್ಲೇ.

ಸರಣಿಗಳ ನಡುವಿನ ನಂಟು ನಾಲ್ಕು ಬಗೆಯದು. ದನಿ ಕೊಟ್ಟವರು ಒಬ್ಬರೇ ಆಗಿರಬಹುದು. ಬರೆದು ಚಿತ್ರಿಸಿದ ತಂಡ ಒಂದೇ ಆಗಿರಬಹುದು. ಎರಡರ ಹಕ್ಕೂ ಒಂದೇ ಕಂಪನಿಯ ಕೈಯಲ್ಲಿರಬಹುದು. ಇಲ್ಲವೇ ಕಥೆಯೊಳಗೇ ಒಂದರ ಪಾತ್ರ ಇನ್ನೊಂದಕ್ಕೆ ಕಾಲಿಟ್ಟಿರಬಹುದು. ನೋಡುಗರ ಕಣ್ಣಿಗೆ ಬೀಳುವುದು ಈ ಕೊನೆಯದು. ಅದು ಸಾಧ್ಯವಾಗುವುದು ಮಾತ್ರ ಉಳಿದ ಮೂರರಿಂದ. ಯಾವ ನಂಟು ಯಾವ ಬಗೆಯದು ಎಂದು ಬೇರ್ಪಡಿಸಿ ನೋಡಿದರೆ ಗೊಂದಲ ಬಹುಪಾಲು ತಾನಾಗಿ ಕಳಚಿಕೊಳ್ಳುತ್ತದೆ.

ಹತ್ತು ಪಾತ್ರ, ಒಂದು ಗಂಟಲು

ಅಮೆರಿಕದ ಟೀವಿ ಅನಿಮೇಶನ್‌ನಲ್ಲಿ ಚಿತ್ರಕ್ಕಿಂತ ದನಿ ಮೊದಲು. ಸ್ಕ್ರಿಪ್ಟ್‌ಗೆ ಅಥವಾ ದೃಶ್ಯಗಳನ್ನು ಸಾಲಾಗಿ ಬಿಡಿಸಿದ ಕರಡು ಚಿತ್ರಗಳಾದ ಸ್ಟೋರಿಬೋರ್ಡ್‌ಗೆ ಒಪ್ಪಿಗೆ ಸಿಕ್ಕ ಮೇಲೆ ಸಂಭಾಷಣೆಯನ್ನು ರೆಕಾರ್ಡ್ ಮಾಡುತ್ತಾರೆ. ತುಟಿಯ ಚಲನೆಯನ್ನು ಆಮೇಲೆ ಆ ದನಿಗೆ ಹೊಂದಿಸಿ ಬಿಡಿಸುತ್ತಾರೆ. ಹಾಗಾಗಿ ಕಲಾವಿದರು ಒಂದು ಕಂತಿನ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿ, ಅದೇ ದಿನ ಇನ್ನೊಂದು ಕಂಪನಿಯ ಸರಣಿಗೆ ದನಿ ಕೊಡಲು ಹೋಗಬಹುದು. ಮುಖ ಕಾಣಿಸುವುದಿಲ್ಲವಾದ್ದರಿಂದ ವಯಸ್ಸು, ಲಿಂಗ, ಮೈಕಟ್ಟು ಯಾವುದೂ ಅಡ್ಡಿಯಾಗುವುದಿಲ್ಲ. ಇದರ ಜೊತೆಗೆ ಹಣದ ಲೆಕ್ಕವೂ ಇದೆ. ಅಮೆರಿಕದ ನಟರ ಸಂಘದ ಒಪ್ಪಂದದ ಪ್ರಕಾರ ಒಂದು ಸೆಷನ್ನಿನ ಸಂಭಾವನೆಗೆ ಒಬ್ಬರಿಂದ ಒಂದಕ್ಕಿಂತ ಹೆಚ್ಚು ಪಾತ್ರ ಮಾಡಿಸಿಕೊಳ್ಳಬಹುದು. ಮೂರನೆಯ ದನಿಗೆ ಸ್ವಲ್ಪ ಹೆಚ್ಚುವರಿ ಕೊಡಬೇಕು, ಮೂರನ್ನು ದಾಟಿದರೆ ಹೊಸ ಸಂಭಾವನೆ. ಮುಖ್ಯ ಪಾತ್ರದವರೇ ಅಂಗಡಿಯವನೂ ನಾಯಿಯೂ ಗುಂಪಿನ ಮೂರನೆಯ ಹುಡುಗನೂ ಆಗುವುದರ ಗುಟ್ಟು ಇದು.

ಈ ಪದ್ಧತಿಗೆ ಗಟ್ಟಿ ಬುನಾದಿ ಹಾಕಿದ್ದು 1957ರಲ್ಲಿ ಶುರುವಾದ ಹ್ಯಾನಾ-ಬಾರ್ಬೆರಾ ಸ್ಟುಡಿಯೋ. ಟೀವಿಯ ಸಣ್ಣ ಬಜೆಟ್ಟಿನಲ್ಲಿ ಅವರು ಚಲನೆಯನ್ನು ಕಡಿತ ಮಾಡಿದರು. ಮೈ ಹಾಗೇ ನಿಂತಿರುತ್ತದೆ, ಬಾಯಿ ಮತ್ತು ಕಣ್ಣು ಮಾತ್ರ ಆಡುತ್ತವೆ. ಅಂಥ ಚಿತ್ರಕ್ಕೆ ಜೀವ ತುಂಬಬೇಕಾದ್ದು ದನಿ. ಹೀಗಾಗಿ ಡಾಸ್ ಬಟ್ಲರ್, ಡಾನ್ ಮೆಸಿಕ್, ಮೆಲ್ ಬ್ಲಾಂಕ್ ಮುಂತಾದ ಬೆರಳೆಣಿಕೆಯ ಕಲಾವಿದರು ಅವರ ಸರಣಿಗಳ ಬಹುಪಾಲನ್ನು ಹೊತ್ತರು. ಬಟ್ಲರ್ ಯೋಗಿ ಕರಡಿಯಾದರೆ, ಅವನ ಜೊತೆಗಾರ ಬೂಬೂ ಮತ್ತು ಅವರಿಬ್ಬರ ಬೆನ್ನಟ್ಟುವ ರೇಂಜರ್ ಸ್ಮಿತ್ ಇಬ್ಬರೂ ಮೆಸಿಕ್. ಬಗ್ಸ್ ಬನಿಯ ದನಿಯಾಗಿ ಹೆಸರಾಗಿದ್ದ ಬ್ಲಾಂಕ್ 'ಫ್ಲಿಂಟ್‌ಸ್ಟೋನ್ಸ್'ನ ಬಾರ್ನಿಯೂ ಆದರು, 'ಜೆಟ್ಸನ್ಸ್'ನ ಸಿಡುಕು ಯಜಮಾನ ಸ್ಪೇಸ್ಲಿಯೂ ಆದರು. 1962ರ 'ಜೆಟ್ಸನ್ಸ್'ನ ನಾಯಿ ಆಸ್ಟ್ರೋ ಪ್ರತಿ ಪದದ ಮೊದಲಿಗೂ ಒಂದು ರಕಾರ ಸೇರಿಸಿ ಮಾತಾಡುತ್ತದೆ. 1969ರಲ್ಲಿ ಬಂದ ಸ್ಕೂಬಿ-ಡೂ ಕೂಡ ಹಾಗೇ ಮಾತಾಡುತ್ತದೆ. ಎರಡಕ್ಕೂ ಮೆಸಿಕ್ ದನಿ. ಕೆಲವರು ಇದನ್ನು ನಕಲು ಅನ್ನುತ್ತಾರೆ. ಆದರೆ ಒಬ್ಬ ಕಲಾವಿದ ತನ್ನದೇ ಕಸುಬಿನ ವರಸೆಯನ್ನು ಮತ್ತೆ ಬಳಸಿಕೊಂಡರೆ ಅದನ್ನು ನಕಲು ಎಂದು ಕರೆಯುವುದು ಸರಿಯಲ್ಲ.

ಸ್ಕೂಬಿಯ ಗೆಳೆಯ ಫ್ರೆಡ್‌ಗೆ 1969ರಿಂದ ದನಿ ಕೊಡುತ್ತಿರುವವರು ಫ್ರಾಂಕ್ ವೆಲ್ಕರ್. 'ಟ್ರಾನ್ಸ್‌ಫಾರ್ಮರ್ಸ್'ನ ಮೆಗಾಟ್ರಾನ್ ಕೂಡ ಅವರೇ. ಮೆಸಿಕ್ ತೀರಿಹೋದ ಕೆಲವು ವರ್ಷಗಳ ಮೇಲೆ ಸ್ಕೂಬಿಯ ದನಿಯೂ ಅವರ ಪಾಲಿಗೆ ಬಂತು. ಪ್ರಾಣಿಗಳ ಕೂಗು, ಗುರುಗುಟ್ಟುವಿಕೆಗಳದ್ದೇ ಒಂದು ಪ್ರತ್ಯೇಕ ಪರಿಣತಿ. 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'ನ ಹಾರುವ ಕಾಡೆಮ್ಮೆ ಅಪ್ಪಾ, ಅದೇ ಸರಣಿಯ ಮೋಮೋ, 'ಫಿನಿಯಸ್ ಅಂಡ್ ಫರ್ಬ್'ನ ಪೆರ್ರಿ ಎಂಬ ಪ್ಲಾಟಿಪಸ್, ಮೂರರ ಹಿಂದೆಯೂ ಇರುವವರು ಡೀ ಬ್ರಾಡ್ಲಿ ಬೇಕರ್. 'ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್'ನಲ್ಲಿ ಒಂದೇ ಮುಖದ ಕ್ಲೋನ್ ಸೈನಿಕರ ಇಡೀ ಪಡೆಗೂ ಅವರದೇ ದನಿ. ಒಬ್ಬೊಬ್ಬ ಸೈನಿಕನ ಸ್ವಭಾವಕ್ಕೆ ತಕ್ಕಂತೆ ಅವರು ದನಿ ಬದಲಿಸುವುದನ್ನು ಕಿವಿಗೊಟ್ಟು ಕೇಳಬೇಕು.

ಒಬ್ಬರೇ ಕಲಾವಿದರು ಮತ್ತೆ ಮತ್ತೆ ಬರುವುದಕ್ಕೆ ಅವರ ಪ್ರತಿಭೆಯೊಂದೇ ಕಾರಣವಲ್ಲ. ಅವರನ್ನು ಆರಿಸುವವರೂ ಒಬ್ಬರೇ ಆಗಿರುತ್ತಾರೆ. ಆಂಡ್ರಿಯಾ ರೊಮಾನೊ ಎಂಬ ವಾಯ್ಸ್ ಡೈರೆಕ್ಟರ್ 'ಬ್ಯಾಟ್‌ಮನ್: ದಿ ಅನಿಮೇಟೆಡ್ ಸೀರೀಸ್', 'ಅನಿಮೇನಿಯಾಕ್ಸ್', 'ಟೀನ್ ಟೈಟನ್ಸ್', 'ಅವತಾರ್' ನಾಲ್ಕರಲ್ಲೂ ಕೆಲಸ ಮಾಡಿದವರು. ಬ್ಯಾಟ್‌ಮನ್‌ನ ಜೋಕರ್ ಆಗಿದ್ದ ಮಾರ್ಕ್ ಹ್ಯಾಮಿಲ್ ಮುಂದೆ 'ಅವತಾರ್'ನ ಅಗ್ನಿರಾಜ ಓಜಾಯ್ ಆದದ್ದು ಈ ಕೊಂಡಿಯಿಂದ ಅರ್ಥವಾಗುತ್ತದೆ. ಎರಡು ಸರಣಿಗಳಲ್ಲಿ ಮೂರ್ನಾಲ್ಕು ದನಿಗಳು ಒಟ್ಟಿಗೆ ಹೊಂದಿಕೆಯಾದರೆ ಮೊದಲು ವಾಯ್ಸ್ ಡೈರೆಕ್ಟರ್ ಹೆಸರನ್ನು ಹುಡುಕಿ. ಉತ್ತರ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಮಕ್ಕಳ ಪಾತ್ರಗಳ ಕಥೆ ಬೇರೆ. ನಿಜವಾದ ಹುಡುಗನಿಂದ ದನಿ ಕೊಡಿಸಿದರೆ ಎರಡು-ಮೂರು ವರ್ಷದಲ್ಲಿ ಗಂಟಲು ಒಡೆಯುತ್ತದೆ. 'ದಿ ಅಮೇಜಿಂಗ್ ವರ್ಲ್ಡ್ ಆಫ್ ಗಂಬಾಲ್' ಇದೇ ಕಾರಣಕ್ಕೆ ತನ್ನ ನಾಯಕನ ದನಿಯನ್ನು ಹಲವು ಸಲ ಬದಲಿಸಬೇಕಾಯಿತು. 2014ರಲ್ಲಂತೂ ಗಂಟಲು ಒಡೆಯುವುದನ್ನೇ ಒಂದು ಕಂತಿನ ಕಥೆ ಮಾಡಿಬಿಟ್ಟರು. 'ಅಡ್ವೆಂಚರ್ ಟೈಮ್'ನ ಮೊದಲ ಕಿರುಚಿತ್ರದಲ್ಲಿ ಹುಡುಗನಿಗೆ ದನಿ ಕೊಟ್ಟವರು ಜ್ಯಾಕ್ ಶಾಡಾ. 2010ರಲ್ಲಿ ಸರಣಿ ಶುರುವಾಗುವ ಹೊತ್ತಿಗೆ ಅವರು ಬೆಳೆದಿದ್ದರು, ಪಾತ್ರ ಅವರ ತಮ್ಮ ಜೆರೆಮಿಗೆ ಹೋಯಿತು. ಈ ತಲೆನೋವು ಬೇಡವೆಂದೇ ಗಂಡುಹುಡುಗರ ಪಾತ್ರಕ್ಕೆ ವಯಸ್ಕ ಕಲಾವಿದೆಯರನ್ನು ಹಾಕಿಕೊಳ್ಳುವ ರೂಢಿ ಬೆಳೆದದ್ದು. 'ಫೇರ್ಲಿ ಆಡ್‌ಪೇರೆಂಟ್ಸ್'ನ ಟಿಮ್ಮಿ, 'ಬೆನ್ 10'ನ ಹತ್ತು ವರ್ಷದ ಬೆನ್ ಇಬ್ಬರೂ ಟಾರಾ ಸ್ಟ್ರಾಂಗ್. 'ಪವರ್‌ಪಫ್'ನ ಬಬಲ್ಸ್, 'ಟೀನ್ ಟೈಟನ್ಸ್'ನ ರೇವನ್, 'ಮೈ ಲಿಟಲ್ ಪೋನಿ'ಯ ಟ್ವೈಲೈಟ್ ಸ್ಪಾರ್ಕಲ್ ಕೂಡ ಅವರೇ.

ಇದಕ್ಕೂ ಒಂದು ಅಪಾಯವಿದೆ. ಕ್ರಿಸ್ಟೀನ್ ಕ್ಯಾವನಾ 'ಡೆಕ್ಸ್ಟರ್ಸ್ ಲ್ಯಾಬೊರೇಟರಿ'ಯ ಡೆಕ್ಸ್ಟರ್ ಆಗಿದ್ದರು, 'ರಗ್‌ರ್ಯಾಟ್ಸ್'ನ ಚಕ್ಕಿಯೂ ಆಗಿದ್ದರು. ಅವರು ನಿವೃತ್ತರಾದಾಗ ಎರಡು ವಾಹಿನಿಗಳ ಎರಡು ಸರಣಿಗಳಿಗೆ ಒಟ್ಟಿಗೇ ಏಟು ಬಿತ್ತು. ಡೆಕ್ಸ್ಟರ್ ಪಾತ್ರವನ್ನು ಕ್ಯಾಂಡಿ ಮೈಲೊ ವಹಿಸಿಕೊಂಡರು. ಚಕ್ಕಿ ಬಾರ್ಟ್ ಸಿಂಪ್ಸನ್ ಖ್ಯಾತಿಯ ನ್ಯಾನ್ಸಿ ಕಾರ್ಟ್‌ರೈಟ್ ಕೈಗೆ ಹೋಯಿತು. ಒಂದು ಪಾತ್ರಕ್ಕೆ ಒಂದೇ ದನಿ ಎಂದು ನಂಬಿ ನಂಟಿನ ಪಟ್ಟಿ ಬರೆದರೆ ಇಂಥಲ್ಲಿ ತಪ್ಪುತ್ತದೆ. ಕಂತು ಯಾವ ವರ್ಷದ್ದು ಎಂಬುದನ್ನೂ ಜೊತೆಗೆ ಬರೆದುಕೊಳ್ಳಬೇಕು.

ತಂಡ ಹೋದಲ್ಲಿಗೆ ಗುಣವೂ ಹೋಗುತ್ತದೆ

ಸರಣಿಗಳ ನಡುವೆ ನಿಜವಾದ ರಕ್ತಸಂಬಂಧ ಎಂದರೆ ಸ್ಟೋರಿಬೋರ್ಡ್ ತಂಡದ್ದು. ದನಿ ಕೊಟ್ಟವರು ಪಾತ್ರಕ್ಕೆ ಜೀವ ಕೊಡುತ್ತಾರೆ ನಿಜ, ಆದರೆ ಹಾಸ್ಯದ ಲಯ, ಮುಖಭಾವ, ಕಥೆ ಎಲ್ಲಿ ತಿರುಗಬೇಕು ಎಂಬ ಲೆಕ್ಕ, ಇವೆಲ್ಲ ಹುಟ್ಟುವುದು ಸ್ಟೋರಿಬೋರ್ಡ್ ಮೇಜಿನ ಮೇಲೆ. ಕೆಲವು ಸರಣಿಗಳಲ್ಲಿ ಸ್ಕ್ರಿಪ್ಟ್ ಪೂರ್ತಿ ಬರೆದ ಮೇಲೆ ಬೋರ್ಡ್ ಬಿಡಿಸುತ್ತಾರೆ. ಇನ್ನು ಕೆಲವಲ್ಲಿ ಬರೆಹಗಾರರು ಎರಡು-ಮೂರು ಪುಟದ ಕಥಾಸಾರ ಕೊಡುತ್ತಾರೆ, ಸಂಭಾಷಣೆ ಸಮೇತ ಉಳಿದದ್ದೆಲ್ಲ ಬೋರ್ಡ್ ಕಲಾವಿದರದ್ದು. ಎರಡನೆಯ ಪದ್ಧತಿಯಲ್ಲಿ ಕಲಾವಿದ ಸ್ಥಳ ಬದಲಿಸಿದರೆ ಸರಣಿಯ ಗುಣವೂ ಅವನೊಂದಿಗೆ ಹೊರಡುತ್ತದೆ.

1993ರಿಂದ 1996ರವರೆಗೆ ನಿಕಲೋಡಿಯನ್ ವಾಹಿನಿಯಲ್ಲಿ ಬಂದ ಜೋ ಮರ್ರಿಯವರ 'ರಾಕೋಸ್ ಮಾಡರ್ನ್ ಲೈಫ್' ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ದುಡಿದ ಸ್ಟೀಫನ್ ಹಿಲ್ಲೆನ್‌ಬರ್ಗ್ ಮೊದಲು ಕಡಲ ಜೀವವಿಜ್ಞಾನ ಕಲಿಸುತ್ತಿದ್ದವರು. 'ರಾಕೋ' ಮುಗಿದ ಮೇಲೆ ಅವರು ಕಟ್ಟಿದ್ದು 1999ರ 'ಸ್ಪಾಂಜ್‌ಬಾಬ್'. ಡೆರೆಕ್ ಡ್ರೈಮನ್, ಟಿಮ್ ಹಿಲ್, ನಿಕ್ ಜೆನ್ನಿಂಗ್ಸ್ ಜೊತೆಗೇ ಬಂದರು. 'ರಾಕೋ'ದಲ್ಲಿ ಫಿಲ್ಬರ್ಟ್ ಎಂಬ ಆಮೆಗೆ ದನಿ ಕೊಡುತ್ತಿದ್ದ ಮಿಸ್ಟರ್ ಲಾರೆನ್ಸ್ ಇಲ್ಲಿ ಪ್ಲ್ಯಾಂಕ್ಟನ್ ಆದರು, ಟಾಮ್ ಕೆನಿ ನಾಯಕನೇ ಆದರು. ಅದೇ 'ರಾಕೋ'ದಲ್ಲಿ ಜೋಡಿಯಾಗಿ ಬರೆಯುತ್ತಿದ್ದ ಡ್ಯಾನ್ ಪೊವೆನ್‌ಮೈರ್ ಮತ್ತು ಜೆಫ್ 'ಸ್ವಾಂಪಿ' ಮಾರ್ಶ್ 2007ರಲ್ಲಿ ಡಿಸ್ನಿಗೆ 'ಫಿನಿಯಸ್ ಅಂಡ್ ಫರ್ಬ್' ಮಾಡಿದರು. ಅದರಲ್ಲಿ ಡೂಫೆನ್‌ಶ್ಮಿರ್ಟ್ಜ್‌ನ ದನಿ ಪೊವೆನ್‌ಮೈರ್ ಅವರದು, ಮೇಜರ್ ಮೊನೊಗ್ರಾಮ್‌ನದು ಮಾರ್ಶ್ ಅವರದು. ತೆರೆಯ ಮೇಲೆ ರಾಕೋ ಎಂದೂ ಫಿನಿಯಸ್‌ನನ್ನು ಭೇಟಿ ಮಾಡಬೇಕಾಗಿಲ್ಲ. ಇಬ್ಬರೂ ಒಂದೇ ಕೋಣೆಯಿಂದ ಹೊರಬಂದವರು.

ಎರಡನೆಯ ದೊಡ್ಡ ಕವಲು 2008ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಶುರುವಾದ 'ಫ್ಲ್ಯಾಪ್‌ಜ್ಯಾಕ್'. ಸರಣಿ ಬಾಳಿದ್ದು ಸ್ವಲ್ಪ ಕಾಲ. ಆದರೆ ಅಲ್ಲಿದ್ದ ಪೆಂಡಲ್ಟನ್ ವಾರ್ಡ್ 'ಅಡ್ವೆಂಚರ್ ಟೈಮ್' ಮಾಡಿದರು, ಜೆ.ಜಿ. ಕ್ವಿಂಟೆಲ್ 'ರೆಗ್ಯುಲರ್ ಶೋ' ಮಾಡಿದರು, ಅಲೆಕ್ಸ್ ಹಿರ್ಶ್ ಡಿಸ್ನಿಗೆ ಹೋಗಿ 2012ರಲ್ಲಿ 'ಗ್ರಾವಿಟಿ ಫಾಲ್ಸ್' ಮಾಡಿದರು, ಪ್ಯಾಟ್ರಿಕ್ ಮೆಕ್‌ಹೇಲ್ 'ಓವರ್ ದಿ ಗಾರ್ಡನ್ ವಾಲ್' ಕೊಟ್ಟರು. ಆ ಕವಲುಗಳಿಂದ ಮತ್ತಷ್ಟು ಟಿಸಿಲೊಡೆದವು. 'ಅಡ್ವೆಂಚರ್ ಟೈಮ್'ನಿಂದ ರೆಬೆಕಾ ಶುಗರ್ ಹೊರಟು 2013ರಲ್ಲಿ 'ಸ್ಟೀವನ್ ಯೂನಿವರ್ಸ್' ಶುರುಮಾಡಿದರು. 'ಗ್ರಾವಿಟಿ ಫಾಲ್ಸ್' ತಂಡದ ಮ್ಯಾಟ್ ಬ್ರಾಲಿ 'ಆಂಫಿಬಿಯಾ' ಮಾಡಿದರು, ಡಾನಾ ಟೆರೇಸ್ 'ದಿ ಔಲ್ ಹೌಸ್' ಮಾಡಿದರು. 'ಔಲ್ ಹೌಸ್'ನ ಕಿಂಗ್ ಮತ್ತು ಹೂಟಿಗೆ ದನಿ ಕೊಟ್ಟವರು ಅದೇ ಅಲೆಕ್ಸ್ ಹಿರ್ಶ್.

ತಂಡಗಳು ಹೀಗೆ ಗುಂಪಾಗಿ ವಲಸೆ ಹೋಗುವುದೇಕೆ? ನೇಮಕಾತಿ ನಡೆಯುವುದು ಸಾಮಾನ್ಯವಾಗಿ ಒಂದೊಂದು ಸೀಸನ್ ಲೆಕ್ಕದಲ್ಲಿ. ಸೀಸನ್ ಮುಗಿದರೆ ಕೆಲಸವೂ ಮುಗಿದಂತೆ. ಹೊಸ ಸರಣಿಗೆ ಒಪ್ಪಿಗೆ ಸಿಕ್ಕವರಿಗೆ ತಿಂಗಳುಗಳಲ್ಲಿ ತಂಡ ಕಟ್ಟಬೇಕಾಗುತ್ತದೆ, ಆಗ ನೆನಪಿಗೆ ಬರುವುದು ಹಿಂದೆ ಜೊತೆಯಲ್ಲಿ ಕೂತು ಕೆಲಸ ಮಾಡಿದವರೇ. ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್ ಎಂಬ ಕಲಾಶಾಲೆಯ ಪಾತ್ರವೂ ದೊಡ್ಡದು. 'ಡೆಕ್ಸ್ಟರ್'ನ ಗೆಂಡಿ ಟಾರ್ಟಕೋವ್‌ಸ್ಕಿ ಮತ್ತು 'ಪವರ್‌ಪಫ್'ನ ಕ್ರೇಗ್ ಮೆಕ್ರ್ಯಾಕನ್ ಅಲ್ಲಿ ಸಹಪಾಠಿಗಳು, ಆಮೇಲೆ ಪರಸ್ಪರರ ಸರಣಿಗಳಲ್ಲಿ ದುಡಿದರು. ಇವರಿಬ್ಬರಿಗೂ ಬಾಗಿಲು ತೆರೆದದ್ದು ಫ್ರೆಡ್ ಸೈಬರ್ಟ್ 1995ರಲ್ಲಿ ಶುರುಮಾಡಿದ 'ವಾಟ್ ಎ ಕಾರ್ಟೂನ್!' ಎಂಬ ಏಳೇಳು ನಿಮಿಷದ ಕಿರುಚಿತ್ರಗಳ ಯೋಜನೆ. ಸೈಬರ್ಟ್ ಅದನ್ನೇ ನಿಕಲೋಡಿಯನ್‌ಗೆ 'ಓ ಯೆಯಾ! ಕಾರ್ಟೂನ್ಸ್' ಎಂದು ಒಯ್ದಾಗ 'ಫೇರ್ಲಿ ಆಡ್‌ಪೇರೆಂಟ್ಸ್' ಹುಟ್ಟಿತು. ಅವರ ಮೂರನೆಯ ಯೋಜನೆಯಲ್ಲಿ ತಯಾರಾದ 'ಅಡ್ವೆಂಚರ್ ಟೈಮ್' ಕಿರುಚಿತ್ರವನ್ನು ನಿಕಲೋಡಿಯನ್ ಸರಣಿಯಾಗಿ ಮುಂದುವರಿಸಲಿಲ್ಲ, ಕಾರ್ಟೂನ್ ನೆಟ್‌ವರ್ಕ್ ಎತ್ತಿಕೊಂಡಿತು.

ಚಿತ್ರಗಳು ಒಂದೇ ತರ ಕಾಣುತ್ತವೆ, ಆದ್ದರಿಂದ ತಂಡ ಒಂದೇ ಎಂಬ ತೀರ್ಮಾನ ಮಾತ್ರ ನಂಬುವಂತಿಲ್ಲ. ದುಂಡು ಮುಖ, ಸರಳ ಗೆರೆ ಕಂಡರೆ ಸಾಕು, ಎಲ್ಲವನ್ನೂ ಒಂದೇ ಶಾಲೆಯ ತಲೆಗೆ ಕಟ್ಟುವುದು ಈಗಿನ ಚಾಳಿ. ಸರಳ ಗೆರೆಗೆ ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ ಬೋರ್ಡ್, ದನಿ, ಪಾತ್ರಗಳ ಮಾದರಿ ಹಾಳೆ, ಬಣ್ಣದ ಪಟ್ಟಿ, ಯಾವ ಫ್ರೇಮಿನಲ್ಲಿ ಏನು ಎಂಬ ಟೈಮಿಂಗ್ ಹಾಳೆ ಸಿದ್ಧವಾಗುತ್ತವೆ. ಚಲನೆಯ ಚಿತ್ರಗಳನ್ನು ಬಿಡಿಸುವುದು ಬಹಳ ಸಲ ದಕ್ಷಿಣ ಕೊರಿಯಾದ ಸ್ಟುಡಿಯೋಗಳು. ನೂರಾರು ಕೈಗಳು ತಪ್ಪಿಲ್ಲದೆ ಬಿಡಿಸಬೇಕೆಂದರೆ ಆಕಾರ ಸರಳವಾಗಿಯೇ ಇರಬೇಕು. 'ಸ್ಪಾಂಜ್‌ಬಾಬ್'ಗೂ 'ಗ್ರಾವಿಟಿ ಫಾಲ್ಸ್'ಗೂ ರಫ್ ಡ್ರಾಫ್ಟ್ ಕೊರಿಯಾ ದುಡಿದಿದೆ. ಆ ನಂಟನ್ನು ಅಭಿಮಾನಿಗಳು ಯಾಕೋ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಗಡಿ ದಾಟುವುದಕ್ಕೆ ಯಾರ ಅಪ್ಪಣೆ ಬೇಕು

ಕ್ರಾಸ್‌ಓವರ್, ಅಂದರೆ ಒಂದು ಸರಣಿಯ ಪಾತ್ರ ಇನ್ನೊಂದಕ್ಕೆ ಕಾಲಿಡುವುದು, ಆಗುವುದು ಹಕ್ಕು ಇರುವಲ್ಲಿ. ಟರ್ನರ್ ಕಂಪನಿ 1991ರಲ್ಲಿ ಹ್ಯಾನಾ-ಬಾರ್ಬೆರಾವನ್ನು ಕೊಂಡಿತು, 1992ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಶುರುಮಾಡಿತು. ಹಾಗಾಗಿ 1997ರಲ್ಲಿ ಆ ವಾಹಿನಿಯದೇ ಸರಣಿಯ ನಾಯಕ ಜಾನಿ ಬ್ರಾವೊ ಹ್ಯಾನಾ-ಬಾರ್ಬೆರಾದ ಸ್ಕೂಬಿಯ ವ್ಯಾನ್ ಹತ್ತಲು ಯಾರ ಮನೆ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ನಿಂಜಾ ಟರ್ಟಲ್ಸ್ ಹಕ್ಕನ್ನು ನಿಕಲೋಡಿಯನ್‌ನ ಮಾತೃಸಂಸ್ಥೆ ಕೊಂಡದ್ದು 2009ರಲ್ಲಿ. 2012ರ ಹೊಸ ಸರಣಿಯಲ್ಲಿ 1987ರ ಹಳೆಯ ಸರಣಿಯ ಆಮೆಗಳು ಬಂದುಹೋಗಲು ಸಾಧ್ಯವಾದದ್ದು ಅದರಿಂದ. ಬೇರೆ ಬೇರೆ ಒಡೆಯರ ಪಾತ್ರಗಳು ಒಂದೆಡೆ ಸೇರಿದ ಅಪರೂಪದ ಪ್ರಸಂಗ 1990ರ ಏಪ್ರಿಲ್ 21ರದು. ಮಾದಕ ವಸ್ತುಗಳ ವಿರುದ್ಧ ತಯಾರಾದ 'ಕಾರ್ಟೂನ್ ಆಲ್-ಸ್ಟಾರ್ಸ್ ಟು ದಿ ರೆಸ್ಕ್ಯೂ'ದಲ್ಲಿ ಬಗ್ಸ್ ಬನಿ, ಗಾರ್‌ಫೀಲ್ಡ್, ವಿನ್ನಿ ದ ಪೂ, ಸ್ಮರ್ಫ್‌ಗಳು ಒಂದೇ ಕಥೆಯಲ್ಲಿದ್ದರು. ಅಮೆರಿಕದ ಮೂರು ದೊಡ್ಡ ವಾಹಿನಿಗಳೂ ಅದನ್ನು ಒಟ್ಟಿಗೇ ಪ್ರಸಾರ ಮಾಡಿದವು. ಅಧ್ಯಕ್ಷ ಜಾರ್ಜ್ ಬುಷ್ ದಂಪತಿ ಮುನ್ನುಡಿ ಹೇಳಿದರು. ವ್ಯಾಪಾರದ ಉದ್ದೇಶ ಇದ್ದಿದ್ದರೆ ಅಷ್ಟು ಒಡೆಯರನ್ನು ಒಪ್ಪಿಸುವುದು ಸುಲಭದ ಮಾತಾಗಿರಲಿಲ್ಲ.

ಹಕ್ಕು ಸಿಕ್ಕ ಮೇಲೆ ಚಿತ್ರದ ತೊಂದರೆ ಶುರು. ಎರಡು ಸರಣಿಗಳ ಪಾತ್ರಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಗೆರೆಯ ದಪ್ಪ, ತಲೆಗೂ ಮೈಗೂ ಇರುವ ಅನುಪಾತ, ಕಣ್ಣಿನ ಆಕಾರ, ಬಣ್ಣದ ಗಾಢತೆ ಯಾವುದೂ ಹೊಂದುವುದಿಲ್ಲ. ಮೊದಲು ಎಲ್ಲರನ್ನೂ ಒಂದೇ ಹಾಳೆಯಲ್ಲಿ ಎತ್ತರದ ಪ್ರಕಾರ ನಿಲ್ಲಿಸಿ ಯಾರು ಯಾರ ಭುಜಕ್ಕೆ ಬರುತ್ತಾರೆ ಎಂದು ಗೊತ್ತು ಮಾಡಿಕೊಳ್ಳುತ್ತಾರೆ. ಆಮೇಲೆ ಅತಿಥಿಯನ್ನು ಆತಿಥೇಯ ಸರಣಿಯ ಶೈಲಿಗೆ ಬದಲಿಸಬೇಕೋ, ಇದ್ದ ಹಾಗೇ ಬಿಡಬೇಕೋ ಎಂಬ ತೀರ್ಮಾನ. 2004ರ 'ಜಿಮ್ಮಿ ಟಿಮ್ಮಿ ಪವರ್ ಅವರ್' ಮೊದಲ ದಾರಿ ಹಿಡಿಯಿತು. ಕಂಪ್ಯೂಟರ್ ಗ್ರಾಫಿಕ್ಸ್ ಹುಡುಗ ಜಿಮ್ಮಿ ನ್ಯೂಟ್ರಾನ್ ಟಿಮ್ಮಿಯ ಊರಿಗೆ ಬಂದರೆ ಚಪ್ಪಟೆ ಚಿತ್ರವಾಗುತ್ತಾನೆ, ಟಿಮ್ಮಿ ಅಲ್ಲಿಗೆ ಹೋದರೆ ಉಬ್ಬಿದ ಮೂರು ಆಯಾಮದ ಗೊಂಬೆಯಾಗುತ್ತಾನೆ. ಇದಕ್ಕಾಗಿ ಇಬ್ಬರಿಗೂ ಹೊಸದಾಗಿ ಮಾದರಿ ತಯಾರಿಸಬೇಕಾಯಿತು, ಆದರೆ ಆ ಖರ್ಚೇ ಹಾಸ್ಯವೂ ಆಯಿತು. 2006ರಲ್ಲಿ ಇನ್ನೆರಡು ಭಾಗ ಬಂದವು. ಬ್ಯಾಟ್‌ಮನ್ ಮತ್ತು ಸೂಪರ್‌ಮ್ಯಾನ್ ವಿಷಯದಲ್ಲಿ ಅದೇ ಕಂಪನಿ, ಅದೇ ವಿನ್ಯಾಸಕಾರ ಬ್ರೂಸ್ ಟಿಮ್ ಇದ್ದರೂ 1992ರ ಬ್ಯಾಟ್‌ಮನ್‌ನ ವಿವರ ತುಂಬಿದ ಚಿತ್ರ 1996ರ ಸೂಪರ್‌ಮ್ಯಾನ್‌ನ ಪಕ್ಕದಲ್ಲಿ ಹೊಂದುತ್ತಿರಲಿಲ್ಲ. 1997ರಲ್ಲಿ ಬ್ಯಾಟ್‌ಮನ್ ಚೂಪು ಕೋನಗಳ ಸರಳ ರೂಪ ಪಡೆದ ಮೇಲೆ ಇಬ್ಬರ ಭೇಟಿ ಸಲೀಸಾಯಿತು.

ದನಿಯ ಕಡೆ ಇನ್ನೂ ಮಜದ ಇಕ್ಕಟ್ಟುಗಳಿವೆ. 1987ರ ಆಮೆಗಳಲ್ಲಿ ರಾಫೆಲ್ ಆಗಿದ್ದ ರಾಬ್ ಪಾಲ್ಸನ್ 2012ರ ಸರಣಿಯಲ್ಲಿ ಡೊನಾಟೆಲೊ ಆಗಿದ್ದರು. 2016ರಲ್ಲಿ ಎರಡೂ ಪೀಳಿಗೆ ಎದುರುಬದುರಾದಾಗ ಎರಡೂ ಕಡೆ ಅವರೇ. 2018ರಲ್ಲಿ 'ಓಕೆ ಕೆ.ಓ.!' ಸರಣಿಯ ಕ್ರಾಸ್‌ಓವರ್ ಕಂತಿಗೆ ಬೆನ್ ಮತ್ತು ರೇವನ್ ಇಬ್ಬರೂ ಬಂದರು, ಇಬ್ಬರೂ ಟಾರಾ ಸ್ಟ್ರಾಂಗ್. ಇಂಥ ದೃಶ್ಯಗಳಲ್ಲಿ ಸಾಮಾನ್ಯವಾಗಿ ಒಂದು ಪಾತ್ರದ ಮಾತುಗಳನ್ನೆಲ್ಲ ಮೊದಲು ಮುಗಿಸಿ, ಆಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡಿ ಜೋಡಿಸುತ್ತಾರೆ. ಸಾಲು ಸಾಲಿಗೂ ದನಿ ಬದಲಿಸಿದರೆ ಒಂದರ ಗುಣ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ಕಣ್ಣು ಮಿಟುಕಿಸುವ ತಮಾಷೆಗಳು

ಹಕ್ಕಿನ ಗೊಡವೆಯೇ ಬೇಡವೆಂದು ಹೆಸರು ಹೇಳದೆ ಸುಳಿವು ಬಿಡುವ ಜಾಣತನವೂ ಉಂಟು. ಎ113 ಎಂಬುದು ಕ್ಯಾಲ್‌ಆರ್ಟ್ಸ್‌ನ ಒಂದು ತರಗತಿ ಕೋಣೆಯ ಸಂಖ್ಯೆ. ಅಲ್ಲಿ ಕಲಿತವರು ಅದನ್ನು ಕಾರಿನ ನಂಬರ್ ಪ್ಲೇಟಿನಲ್ಲೋ ಬಾಗಿಲ ಮೇಲೋ ಬರೆದು ಬಿಡುತ್ತಾರೆ. 'ಗ್ರಾವಿಟಿ ಫಾಲ್ಸ್'ನ ಒಂದು ಕಂತಿನಲ್ಲಿ ಸ್ಟಾನ್ ಎಂಬ ಪಾತ್ರದ ಪೆನ್ನು, ಟಿಪ್ಪಣಿ ಪುಸ್ತಕ, ಕುಡಿಯುವ ಲೋಟ ಮೂರೂ ಬೇರೆ ಲೋಕಕ್ಕೆ ಬಾಗಿಲಾದ ಒಂದು ಪೋರ್ಟಲ್‌ಗೆ ಸೆಳೆದುಹೋಗುತ್ತವೆ. ಅವೇ ಮೂರು ವಸ್ತುಗಳು ಹೊರಬೀಳುವುದು ಬೇರೆ ಕಂಪನಿಯ 'ರಿಕ್ ಅಂಡ್ ಮಾರ್ಟಿ'ಯಲ್ಲಿ. ಅದು ಮಕ್ಕಳ ಸರಣಿಯಲ್ಲ, ಎರಡರ ಕರ್ತೃಗಳು ಗೆಳೆಯರು, ಅಷ್ಟೇ. ಗಮನಿಸಬೇಕಾದ್ದು ದಿನಾಂಕ: ವಸ್ತುಗಳು ಹೊರಬಿದ್ದ ಕಂತು 2014ರ ಏಪ್ರಿಲ್‌ನಲ್ಲೇ ಪ್ರಸಾರವಾಗಿತ್ತು, ಒಳಹೋದ ಕಂತು ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಪ್ರಸಾರದ ಕ್ರಮವನ್ನೇ ಕಥೆಯ ಕ್ರಮ ಎಂದುಕೊಂಡವರಿಗೆ ಈ ತಮಾಷೆ ತಲೆಕೆಳಗಾಗಿ ಕಾಣುತ್ತದೆ.

ಡಿಸ್ನಿಯ 2017ರ 'ಡಕ್‌ಟೇಲ್ಸ್' ಮಾಡಿದ ಆಟ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಸೊಗಸು. 1991ರ ಸರಣಿಯಲ್ಲಿ ಡಾರ್ಕ್‌ವಿಂಗ್ ಡಕ್‌ಗೆ ದನಿ ಕೊಟ್ಟಿದ್ದವರು ಜಿಮ್ ಕಮಿಂಗ್ಸ್. ಹೊಸ ಕಥೆಯಲ್ಲಿ ಡಾರ್ಕ್‌ವಿಂಗ್ ಎಂಬುದೇ ಒಂದು ಹಳೆಯ ಟೀವಿ ಕಾರ್ಯಕ್ರಮ. ಅದರ ವಯಸ್ಸಾದ ನಟ ಜಿಮ್ ಸ್ಟಾರ್ಲಿಂಗ್‌ಗೆ ದನಿ ಅದೇ ಜಿಮ್ ಕಮಿಂಗ್ಸ್. ಪಾತ್ರವನ್ನು ಹೊಸಬನಿಗೆ ಬಿಟ್ಟುಕೊಡಲು ಸ್ಟಾರ್ಲಿಂಗ್ ಒಪ್ಪುವುದಿಲ್ಲ, ಹೊಸ ಡಾರ್ಕ್‌ವಿಂಗ್‌ಗೆ ದನಿ ಕೊಟ್ಟವರು ನಿಜಕ್ಕೂ ಬೇರೆಯವರೇ. ದನಿಯ ನಂಟನ್ನೇ ಕಥೆಯ ನಂಟಾಗಿ ತಿರುಗಿಸಿದ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಮತ್ತೊಂದಿಲ್ಲ. ಇದಕ್ಕೆ ಪೂರಾ ವಿರುದ್ಧ ತುದಿಯಲ್ಲಿರುವುದು 2015ರಲ್ಲಿ 'ಸ್ಟೀವನ್ ಯೂನಿವರ್ಸ್'ಗೆ ಅದೇ ವಾಹಿನಿಯ ಇನ್ನೊಂದು ಸರಣಿಯ ನಾಯಕ ಅಂಕಲ್ ಗ್ರ್ಯಾಂಡ್‌ಪಾ ನುಗ್ಗಿದ ಕಂತು. ಇದ್ಯಾವುದೂ ಅಸಲಿ ಕಥೆಗೆ ಸೇರುವುದಿಲ್ಲ ಎಂದು ಪಾತ್ರವೇ ಬಾಯಿಬಿಟ್ಟು ಹೇಳಿಬಿಡುತ್ತದೆ.

ನಂಟನ್ನು ಪರೀಕ್ಷಿಸುವುದು ಹೇಗೆ

ಮೊದಲು ಕೊನೆಯ ಹೆಸರುಪಟ್ಟಿಯನ್ನು ನಿಲ್ಲಿಸಿ ಓದಿ. ಸ್ಟ್ರೀಮಿಂಗ್‌ನಲ್ಲಿ ಅದು ಮುಂದಿನ ಕಂತಿನ ಜಾಹೀರಾತಿನ ಕೆಳಗೆ ಮೂಲೆಗೆ ಕುಗ್ಗುತ್ತದೆ, ಹಿಗ್ಗಿಸಿಕೊಳ್ಳಬೇಕು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ 11 ನಿಮಿಷದ ಎರಡು ಕಥೆಗಳಿದ್ದರೆ ಕೊನೆಯ ಪಟ್ಟಿ ಬಹಳ ಸಲ ಎರಡಕ್ಕೂ ಸೇರಿ ಒಂದೇ. ಯಾವ ಕಥೆ ಯಾರು ಬೋರ್ಡ್ ಮಾಡಿದ್ದು ಎಂದು ತಿಳಿಯಲು ಪ್ರತಿ ಕಥೆಯ ಆರಂಭದಲ್ಲಿ ಶೀರ್ಷಿಕೆ ತೋರಿಸುವ ಟೈಟಲ್ ಕಾರ್ಡ್ ನೋಡಬೇಕು. 'ಹೆಚ್ಚುವರಿ ದನಿಗಳು' ಎಂಬ ಸಾಲಿನಲ್ಲಿ ಹೆಸರಿದ್ದರೆ ಪಾತ್ರ ಯಾವುದೆಂದು ಅದರಿಂದ ಹೇಳಲಾಗದು, ಬರಿ ಕಿವಿಯನ್ನು ನಂಬಿ ಬರೆಯಬೇಡಿ. ಒಬ್ಬರ ದನಿಯನ್ನು ಹೋಲುವಂತೆ ಇನ್ನೊಬ್ಬರಿಂದ ಮಾಡಿಸುವುದು ಈ ಕ್ಷೇತ್ರದಲ್ಲಿ ಮಾಮೂಲು. ಹಾಡಿನ ದನಿ ಬೇರೆಯವರದ್ದಾಗಿರುವುದೂ ಉಂಟು. ಹೆಸರು ಹೊಂದಿದರೆ ವರ್ಷವನ್ನೂ ಹುದ್ದೆಯನ್ನೂ ಹೊಂದಿಸಿ ನೋಡಿ. ಒಂದೇ ಹೆಸರಿನ ಇಬ್ಬರು ಇರುವುದು ಅಪರೂಪವಲ್ಲ.

ಆಮೇಲೆ ಕಥೆಯ ಪ್ರಶ್ನೆ. ಅತಿಥಿ ಪಾತ್ರ ಬಂದುಹೋದದ್ದು ಮುಂದಿನ ಕಂತುಗಳಲ್ಲಿ ಯಾರಿಗಾದರೂ ನೆನಪಿದೆಯೇ ಎಂದು ಹುಡುಕಿ. 2019ರ ಕ್ರಾಸ್‌ಓವರ್ ನಂತರ ಡೂಫೆನ್‌ಶ್ಮಿರ್ಟ್ಜ್ 'ಮೈಲೋ ಮರ್ಫೀಸ್ ಲಾ'ದಲ್ಲಿ ಮೈಲೋನ ಮನೆಯಲ್ಲೇ ಬೀಡುಬಿಟ್ಟ. ಅಲ್ಲಿಗೆ ಎರಡು ಸರಣಿಗಳ ಲೋಕ ಒಂದೇ ಎಂದು ಧೈರ್ಯವಾಗಿ ಹೇಳಬಹುದು. ಹಿನ್ನೆಲೆಯ ಗೋಡೆಯ ಮೇಲೊಂದು ಪೋಸ್ಟರ್ ಕಂಡಿತು ಎಂಬುದಷ್ಟೇ ಆಧಾರವಾದರೆ ಅದು ಚಿತ್ರಕಾರರ ಕಿಡಿಗೇಡಿತನ, ಅದಕ್ಕಿಂತ ಹೆಚ್ಚಿಲ್ಲ.

ಡಬ್ ಆದ ಆವೃತ್ತಿ ನೋಡುವವರಿಗೆ ಇನ್ನೊಂದು ಎಚ್ಚರಿಕೆ. ಮೂಲ ಭಾಷೆಯ ದನಿಯ ನಂಟುಗಳೆಲ್ಲ ಅಲ್ಲಿ ಅಳಿಸಿಹೋಗುತ್ತವೆ. ಜಿಮ್ ಸ್ಟಾರ್ಲಿಂಗ್‌ನ ಒಳತಮಾಷೆ ಬೇರೊಬ್ಬರ ದನಿಯಲ್ಲಿ ಬರಿಯ ಸಿಡುಕು ಮುದುಕನ ಕಥೆಯಾಗುತ್ತದೆ. ಬದಲಿಗೆ ಡಬ್ಬಿಂಗ್ ಕಲಾವಿದರ ಸಣ್ಣ ಬಳಗ ಹೊಸ ನಂಟುಗಳನ್ನು ಹುಟ್ಟಿಸುತ್ತದೆ. ಮೂಲದಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಇಬ್ಬರು ನಾಯಕರು ಡಬ್ಬಿಂಗ್‌ನಲ್ಲಿ ಒಂದೇ ಗಂಟಲಿನಿಂದ ಮಾತಾಡಬಹುದು. ಆ ನಂಟಿನ ಪಟ್ಟಿಯನ್ನು ಬೇರೆಯಾಗಿಯೇ ಬರೆಯಬೇಕು. ಡಬ್ಬಿಂಗ್ ಕಲಾವಿದರ ಹೆಸರು ತೆರೆಯ ಮೇಲೆ ಬಾರದಿರುವುದೇ ಹೆಚ್ಚಾದ್ದರಿಂದ, ಪಟ್ಟಿಗೆ ಆಧಾರ ಸಿಗುವುದು ಆ ಕಲಾವಿದರು ಬಹಿರಂಗವಾಗಿ ಹೇಳಿಕೊಂಡಲ್ಲಿ ಮಾತ್ರ.